ದಾರೋಗಾ ಸಾಹೇಬರು ಗಾಡಿ ಎಣಿಸಿದ್ದು

ಕಸದ ವಿಷಯದಲ್ಲಿ ಇಡೀ ಹುಮನಾಬಾದಿನಲ್ಲಿ ಲಾಲ್ ಅಹ್ಮದ್ ಸಾಹೇಬರಿಗಿಂತ ತಿಳಿದವರು ಇನ್ನೊಬ್ಬರಿರಲಿಲ್ಲ. ಈ ಮಾತನ್ನು ಮೊದಲು ಹೇಳಿದವರು ಸ್ವತಃ ಲಾಲ್ ಅಹ್ಮದ್ ಸಾಹೇಬರೇ. ಇಪ್ಪತ್ತೊಂಬತ್ತು ವರ್ಷ ಒಂದೇ ಸಮನೆ ಹೇಳಿದ್ದರಿಂದ ಊರೂ ಒಪ್ಪಿಕೊಂಡಿತ್ತು. ಅವರು ಊರ ಕಮಿಟಿಯ ಸಫಾಯಿ ದಾರೋಗಾ. ಬೀದಿ ಗುಡಿಸುವವರು, ಕಸದ ಗಾಡಿ ಹೊಡೆಯುವವರು ಎಲ್ಲರೂ ಅವರ ಕೈಕೆಳಗಿನವರು. ಮೈಮೇಲೆ ಒಂದು ಗುಂಡಿಯೂ ತಪ್ಪದ ಶೇರವಾನಿ, ಕಾಲಿಗೆ ಮುಖ ಕಾಣುವಂತೆ ತಿಕ್ಕಿದ ಬೂಟು. ತಲೆಯ ಮೇಲಿನ ಕೆಂಪು ರೂಮಿ ಟೋಪಿಯನ್ನು ಮಾತ್ರ ಹೋದ ವರ್ಷ ಸರಕಾರ ಬದಲಾದಾಗ ಪೆಟ್ಟಿಗೆಯೊಳಗೆ ಇಟ್ಟು, ಕರಿ ಟೋಪಿ ಹಾಕಿಕೊಳ್ಳತೊಡಗಿದ್ದರು.

ಅವರ ಕೆಲಸದ ರೀತಿಯನ್ನು ಇಲ್ಲೇ ಹೇಳಿಬಿಡಬೇಕು. ಊರ ಹೊರಗೆ, ಹುಡಗಿ ಗ್ರಾಮಕ್ಕೆ ಹೋಗುವ ದಾರಿಯಲ್ಲಿ, ಕಸ ಸುರಿಯುವ ಕುಣಿ. ಕುಣಿಯ ಪಕ್ಕ ಬೇವಿನ ಮರ, ಮರದ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ದಾರೋಗಾ. ಗಾಡಿ ಬಂದು ಕಸ ಸುರುವಿದರೆ ಪುಸ್ತಕದಲ್ಲಿ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡ. ಗಾಡಿಯವರಿಗೆ ಖೇಪಿನ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದ ಕಾಲದಲ್ಲಿ ಶುರುವಾದ ಪದ್ಧತಿ ಅದು. ಕಾಲ ಹೋಯಿತು, ಪದ್ಧತಿ ಉಳಿಯಿತು. ಓಣಿಗಳಿಗೆ ಇಳಿಯುವ ಅಭ್ಯಾಸ ಸಾಹೇಬರಿಗಿರಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದರು. ಹೆಣ್ಣುಮಕ್ಕಳು ಅಂಗಳ ಗುಡಿಸಿ ಸಾರಿಸುವ ಹೊತ್ತಿನಲ್ಲಿ ಗಂಡಸು ಅಲ್ಲಿ ಸುತ್ತುವುದು ಮರ್ಯಾದೆಯಲ್ಲ ಎಂದೂ ಎನ್ನುತ್ತಿದ್ದರು. ಬೂಟಿನ ಮಾತನ್ನು ಮಾತ್ರ ಅವರು ಎತ್ತುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಸಾವಿರದ ಒಂಬೈನೂರ ನಲವತ್ತೊಂಬತ್ತರ ದೀವಳಿಗೆ ಕಳೆದು ಚಳಿ ಬಿದ್ದಿತ್ತು. ನಿಜಾಮರ ಆಳಿಕೆ ಮುಗಿದು ವರ್ಷ ದಾಟಿತ್ತು. ಆ ದಿನಗಳಲ್ಲಿ ಕಂಡದ್ದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಸಂತೆ ಮತ್ತೆ ಕೂಡುತ್ತಿತ್ತು, ಮದುವೆಗಳು ನಡೆಯುತ್ತಿದ್ದವು, ಜನ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು, ಅಷ್ಟಾದರೆ ಸಾಕಿತ್ತು. ಸೊಲ್ಲಾಪುರದ ಕಡೆಯಿಂದ ಹೊಸ ತಹಶೀಲ್ದಾರರು ಬಂದಿದ್ದರು. ಅವರ ಮೇಜಿನ ಮೇಲೆ ಹಳೆಯ ನೌಕರರ ಎರಡು ಪಟ್ಟಿಗಳಿದ್ದವು. ಒಂದರಲ್ಲಿ ಉಳಿಯುವವರು, ಇನ್ನೊಂದರಲ್ಲಿ ಮನೆಗೆ ಹೋಗುವವರು. ಲಾಲ್ ಅಹ್ಮದ್ ಸಾಹೇಬರ ಹೆಸರು ಸದ್ಯಕ್ಕೆ ಎರಡರಲ್ಲೂ ಇರಲಿಲ್ಲ. ಪೂರ್ತಿ ಪಿಂಚಣಿ ಸಿಗಲು ಇನ್ನೊಂದೇ ವರ್ಷ ಬಾಕಿ ಇತ್ತು.

ಕಮಿಟಿಯ ಎರಡು ಕಸದ ಗಾಡಿಗಳಲ್ಲಿ ಒಂದರ ಅಚ್ಚು ಮುರಿದು, ಇನ್ನೊಂದರ ಎತ್ತು ಸತ್ತು, ಊರು ನಾರತೊಡಗಿದಾಗ ತಹಶೀಲ್ದಾರರು ದಾರೋಗಾರನ್ನು ಕರೆಸಿದರು.

"ನೋಡ್ರಿ ದಾರೋಗಾ, ಇನ್ನ ಮುಂದ ಕಮಿಟಿ ಗಾಡಿ ಬ್ಯಾಡ. ಥೇಕಾ, ಅಂದ್ರ ಗುತ್ತಿಗಿ, ಕೊಡೂಣು. ಮನಿ ಮನಿ ಬಾಗಿಲಿಂದ ಕಸ ಒಯ್ಯೂ ಮನಷ್ಯಾ ಬೇಕು. ಅರ್ಜಿ ತಗೋರಿ, ಒಬ್ಬೊಬ್ಬರಿಗೆ ಎಂಟೆಂಟು ದಿನ ಕೆಲಸ ಕೊಟ್ಟು ನೋಡ್ರಿ, ಯಾರು ಛಲೋ ಅಂತ ರಿಪೋರ್ಟ್ ಬರೀರಿ. ಥೇಕಾ ಸರಿಹೋತಂದ್ರ ನಿಮ್ಮ ನೌಕರಿ ಗಟ್ಟಿ. ಕೆಟ್ಟರ, ನಿಮ್ಮ ಹೆಸರು ಯಾವ ಪಟ್ಟಿಗೆ ಹೋಗ್ತದ ಅಂತ ನಾ ಹೇಳೂದು ಬ್ಯಾಡ."

ಲಾಲ್ ಅಹ್ಮದ್ ಸಾಹೇಬರು ಸಲಾಮು ಮಾಡಿ ಹೊರಬಂದು, ಮೂರು ದಿನ ಕೂತು ನೋಟೀಸು ಬರೆದರು. ಅದರ ಕೊನೆಯ ಸಾಲು ಅವರಿಗೇ ಬಹಳ ಹಿಡಿಸಿತು: ಎಂಟು ದಿನಗಳಲ್ಲಿ ಯಾರು ಕುಣಿಗೆ ಹೆಚ್ಚು ಗಾಡಿ ಕಸ ತರುವರೋ ಅವರಿಗೇ ಥೇಕಾ. ಇದರಲ್ಲಿ ಯಾರ ವಶೀಲಿಯೂ ನಡೆಯದು, ಯಾರ ಮುಲಾಜೂ ಇಲ್ಲ. ಗೀಟು ಸುಳ್ಳು ಹೇಳುವುದಿಲ್ಲ ಎಂದು ಅವರು ಕಮಿಟಿಯ ಅಧ್ಯಕ್ಷ ಮಹಾರುದ್ರಪ್ಪನವರಿಗೆ ಹೇಳಿದರು. ಎಣ್ಣೆ ಅಂಗಡಿಯ ಮಹಾರುದ್ರಪ್ಪ ಸಾವಕಾರರು ಅವರ ಬಾಲ್ಯದ ಗೆಳೆಯರು. ಹೋದ ವರ್ಷದ ಕೆಟ್ಟ ವಾರದಲ್ಲಿ ಲಾಲ್ ಅಹ್ಮದರನ್ನೂ ಅವರ ಹೆಂಡತಿ ಜೈನಬಿಯನ್ನೂ ತಮ್ಮ ಹಿತ್ತಲ ಕೋಣೆಯಲ್ಲಿ ಎಣ್ಣೆ ಡಬ್ಬಿಗಳ ಹಿಂದೆ ಇರಿಸಿಕೊಂಡವರು. ಅವರು ನೋಟೀಸು ಓದಿ, "ಛಲೋ ಅದ" ಎಂದು ಸಹಿ ಹಾಕಿದರು.

ಮೂರು ಅರ್ಜಿ ಬಂದವು. ಮೊದಲನೆಯದು ಟಾಂಗಾದ ಮೊಹಿನುದ್ದೀನನದು. ಅವನ ಪರೀಕ್ಷೆ ಎಂಟು ದಿನ ಹೋಗಲಿ, ಎಂಟು ಮನೆಯೂ ದಾಟಲಿಲ್ಲ. ಟಾಂಗಾದಲ್ಲಿ ಕಸ ತುಂಬಿದ ಮೇಲೆ ಅವನ ಕುದುರೆ, ಹನ್ನೆರಡು ವರ್ಷದ ರೂಢಿಯಂತೆ, ಯಾರ ಮಾತೂ ಕೇಳದೆ ನೇರ ಮೋಟಾರ್ ಸ್ಟ್ಯಾಂಡಿಗೆ ಹೋಗಿ ಹೈದರಾಬಾದಿನಿಂದ ಬಂದಿಳಿದ ಪ್ರಯಾಣಿಕರ ಮುಂದೆ ನಿಂತುಬಿಟ್ಟಿತು. ಮೊಹಿನುದ್ದೀನ ಅಂದು ಸಂಜೆಯೇ ಅರ್ಜಿ ವಾಪಸು ತೆಗೆದುಕೊಂಡ.

ಎರಡನೆಯವರು ಕಲ್ಯಾಣಿಯ ವೈಜನಾಥ ಸೇಠ್. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗೆಲ್ಲ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ಅಲ್ಲಿ ಅವರದು ಬಾಡಿಗೆ ಗಾಡಿಗಳ ವ್ಯವಹಾರ. ನಾಲ್ಕು ಗಾಡಿ, ಎಂಟು ಎತ್ತು, ಎತ್ತುಗಳ ಕೋಡಿಗೆ ಬಣ್ಣ, ಕೊರಳಿಗೆ ಗಂಟೆ. ಸೇಠರು ಸದಾ ನಗುವವರು. ಬೈದರೂ ನಗುವರು, ಬೈಸಿಕೊಂಡರೂ ನಗುವರು. ಬಂದ ದಿನವೇ ದಾರೋಗಾರ ಮನೆಗೆ ಪೇಡೆಯ ಬುಟ್ಟಿ ಕಳಿಸಿದರು. ದಾರೋಗಾ ಅದನ್ನು ಬಿಚ್ಚದೆ ಹಿಂದಿರುಗಿಸಿದರು. ಈ ವಿಷಯದಲ್ಲಿ ಅವರು ಬೆಂಕಿ.

ಮೂರನೆಯ ಅರ್ಜಿ ತುಳಜಾಬಾಯಿಯದು. ಹುಡಗಿಯ ದಾರಿಯಲ್ಲಿ, ಕುಣಿಯಿಂದ ಕೂಗಳತೆಯಲ್ಲಿ ಅವಳ ಆರು ಎಕರೆ ಗರಸಿನ ಮೊರಂ ನೆಲ. ಗಂಡ ತೀರಿದ ಮೇಲೆ ಹೊಲದಲ್ಲೇ ಮನೆ ಮಾಡಿಕೊಂಡಿದ್ದಳು. ಗಾಡಿ ಇದ್ದದ್ದು ಒಂದು. ಅದಕ್ಕೆ ಕಟ್ಟಿದ್ದು ಒಂದು ಕಡೆ ಎತ್ತು, ಒಂದು ಕಡೆ ಕೋಣ. 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬ ಗಾದೆ ಅವಳ ಗಾಡಿ ಕಂಡವರ ಬಾಯಿಗೆಲ್ಲ ತಾನಾಗಿಯೇ ಬರುತ್ತಿತ್ತು. ಅವಳಿಗೆ ಅದನ್ನು ಕೇಳಿ ಕೇಳಿ ಸಾಕಾಗಿ, ಯಾರಾದರೂ 'ಎತ್ತು' ಎನ್ನುವಷ್ಟರಲ್ಲಿ "ಹ್ಞೂಂ, ಗೊತ್ತದ, ಮುಂದ ಹೇಳ್ರಿ" ಎನ್ನುತ್ತಿದ್ದಳು.

ಪರೀಕ್ಷೆಗೆ ಗೊತ್ತು ಮಾಡಿದ್ದು ಜಾಮಿಯಾ ಮಸೀದಿಯ ಹಿಂದಿನ ದೊಡ್ಡ ಓಣಿ. ನಲವತ್ತು ಮನೆ, ಅರ್ಧ ಮುಸಲ್ಮಾನರವು, ಅರ್ಧ ಉಳಿದವರವು. ದಾರೋಗಾರ ಮನೆಯೂ ಅಲ್ಲೇ.

ವೈಜನಾಥ ಸೇಠರ ಎಂಟು ದಿನಗಳು ಲಾಲ್ ಅಹ್ಮದ್ ಸಾಹೇಬರ ನೌಕರಿಯಲ್ಲೇ ಸುಖದ ದಿನಗಳಾದವು. ಸೇಠರ ಗಾಡಿಗಳು ಹಗಲೆಲ್ಲ ಅಡತಿ ಅಂಗಡಿಗಳ ತೊಗರಿ ಚೀಲ ಹೊರುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಬಿಡುವಾಗಿ ಕಸಕ್ಕೆ ಹೊರಡುತ್ತಿದ್ದವು. ಕತ್ತಲಾಗುವಷ್ಟರಲ್ಲಿ ಗಂಟೆ ಬಾರಿಸುತ್ತ ನಾಲ್ಕೂ ಗಾಡಿ ಸಾಲುಗಟ್ಟಿ ಕುಣಿಗೆ ಬರುತ್ತಿದ್ದವು. ತಳದಿಂದ ಅಂಚಿನವರೆಗೆ ತುಂಬಿದ ಗಾಡಿ! ಸುರುವಿದರೆ ಬೂದಿಯ ಮೋಡವೇಳುತ್ತಿತ್ತು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಂದು ಕೈಯಲ್ಲಿ ಗೀಟೆಳೆದು, "ಶಾಬಾಸ್" ಎನ್ನುತ್ತಿದ್ದರು. ಎಂಟು ದಿನಕ್ಕೆ ಮೂವತ್ತೆರಡು ಗಾಡಿ. ಒಂದು ಓಣಿಯಲ್ಲಿ ಇಷ್ಟು ಕಸವಿತ್ತೆಂದು ಅವರಿಗೇ ಗೊತ್ತಿರಲಿಲ್ಲ.

ಆ ಸುಖಕ್ಕೆ ಒಂದೇ ಒಂದು ಅಡ್ಡಿಯಿತ್ತು. ದಿನವೂ ಕುಣಿಯಿಂದ ಮನೆಗೆ ಬಂದು ಬಾಗಿಲಲ್ಲಿ ಕಾಲಿಟ್ಟರೆ, ಹೊಸ್ತಿಲ ಪಕ್ಕದ ಕತ್ತಲಲ್ಲಿ ತುಂಬಿ ಚೆಲ್ಲಿದ ಕಸದ ಬುಟ್ಟಿಯೊಳಗೆ ಬೂಟು ಇಳಿಯುತ್ತಿತ್ತು. "ಯಾ ಅಲ್ಲಾ, ಈ ಮನಿ ಏನು ಮನಿ!" ಎಂದು ಕೂಗಿ, ಬೈದುಕೊಳ್ಳುತ್ತ, ನೀರು ತರಿಸಿ ಬೂಟು ತೊಳೆದು, ಮತ್ತೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಊಟ. ಎಂಟು ದಿನವೂ ಹೀಗೇ. ಕುಣಿಯ ಕಸ ಎಣಿಸುವ ದೊಡ್ಡ ಮನುಷ್ಯನಿಗೆ ಕಾಲಿಗೆ ಅಂಟಿದ ಕಸ ಕಸವೆಂದೇ ಅನ್ನಿಸಲಿಲ್ಲ. ಅದು ಹೆಂಡತಿಯ ಅಲಕ್ಷ್ಯ ಅನ್ನಿಸಿತು. ಸರಕಾರಿ ಕೆಲಸದ ಮಾತು ಮನೆಯಲ್ಲಿ ಆಡಬಾರದೆಂಬುದು ಅವರ ಕಟ್ಟುನಿಟ್ಟು. ಆದ್ದರಿಂದ ಜೈನಬಿಯನ್ನು ಅವರು ಏನೂ ಕೇಳಲಿಲ್ಲ, ಜೈನಬಿ ಏನೂ ಹೇಳಲಿಲ್ಲ.

ಆಮೇಲೆ ತುಳಜಾಬಾಯಿಯ ಸರದಿ ಬಂತು. ಸೂರ್ಯ ಒಂದು ಮಾರು ಏರಿದ ಮೇಲೆ, ಎತ್ತು-ಕೋಣಗಳ ಗಾಡಿ ಕುಣಿಯ ಬಳಿ ಬಂತು. ಅದರಲ್ಲಿದ್ದದ್ದು ಅರ್ಧ ಗಾಡಿ. ಅರ್ಧವೆಂದರೂ ದೊಡ್ಡ ಮನಸ್ಸಿನ ಮಾತೇ. ಒಡೆದ ಗಡಿಗೆಯ ಚೂರು, ಹರಿದ ಚಪ್ಪಲಿ, ಕೂದಲುಂಡೆ, ಬಿದಿರು ಬುಟ್ಟಿಯ ಅವಶೇಷ. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಅದಕ್ಕೂ ಕಡಿಮೆ.

"ಏನು ಬಾಯಿ, ಕಸ ಎಲ್ಲದ?" ಎಂದು ಸಾಹೇಬರು ಕೇಳಿದರು.

"ಉಳದದ್ದು ಇಷ್ಟರಿ, ಸಾಬ್ರ."

"ಸೇಠರು ದಿನಕ್ಕ ನಾಲ್ಕು ಗಾಡಿ ತಂದ್ರು. ಓಣಿ ಅದ, ಮನಿ ಅವ. ನಿನಗ ಮಾತ್ರ ಕಸ ಸಿಗೂದಿಲ್ಲಂದ್ರ ಹ್ಯಾಂಗ?"

"ಓಣ್ಯಾಗ ಒಮ್ಮಿ ಬಂದು ನೋಡ್ರಲ್ಲ. ಇಲ್ಲಿ ಕುಂತ್ರ ಏನ್ ಕಾಣ್ತದ?"

"ನನ್ನ ಕೆಲಸ ಕುಣಿ ನೋಡೂದು" ಎಂದು ಸಾಹೇಬರು ಗಂಭೀರವಾಗಿ ಹೇಳಿ, ಎರಡು ಅರ್ಧ ಸೇರಿಸಿ ಒಂದು ಗೀಟೆಳೆದರು. ಬಡವಿ, ಒಂಟಿ ಹೆಣ್ಣು, ಕೆಲಸಕ್ಕೆ ಮೈ ಬಗ್ಗದು ಪಾಪ, ಎಂದು ಅವರ ಮನಸ್ಸು ಕರಗಿತು. ಆದರೆ ಗೀಟು ಕರಗುವಂತಿರಲಿಲ್ಲ.

ಏಳನೆಯ ದಿನ, ಗುರುವಾರ, ಲೆಕ್ಕ ಮೂರು ಗಾಡಿಗೆ ಬಂದು ನಿಂತಿತ್ತು. ಮೂವತ್ತೆರಡೆಲ್ಲಿ, ಮೂರೆಲ್ಲಿ? ಎಂಟನೆಯ ದಿನಕ್ಕೆ ಕಾಯುವುದೇಕೆಂದು ಸಾಹೇಬರು ರಿಪೋರ್ಟ್ ಬರೆದು ಮುಗಿಸಿದರು: ವೈಜನಾಥ ಸೇಠರು ಎಲ್ಲ ವಿಧದಲ್ಲೂ ಯೋಗ್ಯರು. ಮಹಾರುದ್ರಪ್ಪನವರು ಅದನ್ನು ಸಂಜೆಯೇ ತಹಶೀಲ್ದಾರರಿಗೆ ಕಳಿಸಿದರು. ಶನಿವಾರ ಚಾವಡಿಯಲ್ಲಿ ಸಭೆ, ಅಲ್ಲೇ ಕರಾರು ಎಂದು ಗೊತ್ತಾಯಿತು.

ನೌಕರಿ ಗಟ್ಟಿಯಾದ ಹುರುಪಿನಲ್ಲಿ ಸಾಹೇಬರು ಮನೆಗೆ ಬಂದು, ಬೂಟು ಬಿಚ್ಚಿ, ಮಂಚದ ಮೇಲೆ ಕೂತು ಚಹಾ ಕೇಳಿದರು. ಮನಸ್ಸು ಹಗುರಾಗಿತ್ತಲ್ಲ, ಇಪ್ಪತ್ತೊಂಬತ್ತು ವರ್ಷದ ಕಟ್ಟುನಿಟ್ಟು ಅಂದು ಒಂದಿಷ್ಟು ಸಡಿಲವಾಯಿತು.

"ಥೇಕಾ ಕಲ್ಯಾಣಿ ಸೇಠರಿಗೆ ಬರದು ಕೊಟ್ಟೆ" ಎಂದರು.

ಜೈನಬಿ ಚಹಾ ಸೋಸುತ್ತಿದ್ದವರು ಹಾಗೇ ನಿಂತರು. ಅವರು ಆಡಿದ್ದು ದಖನಿ ಉರ್ದುವಿನಲ್ಲಿ. ಕನ್ನಡಕ್ಕೆ ತಂದರೆ ಅದರ ಖಾರ ಅರ್ಧ ಇಳಿದುಹೋಗುತ್ತದೆ, ಆದರೂ ಮಾತು ಹೀಗಿತ್ತು:

"ಹೋದ ವಾರ ದಿನಾ ಬೈಕೋತ ಬೂಟು ತೊಳೀತಿದ್ರಿ. ಈ ವಾರ ನೀವು ಬೈದದ್ದು ನಾ ಒಂದು ದಿನಾನೂ ಕೇಳಿಲ್ಲ. ಯಾಕ ಅಂತ ವಿಚಾರ ಮಾಡೀರೇನು?"

ಸಾಹೇಬರು ಬೂಟಿನ ಕಡೆ ನೋಡಿದರು. ಬೂಟು ಹೊಳೆಯುತ್ತಿತ್ತು. ಹೊಸ್ತಿಲ ಕಡೆ ನೋಡಿದರು. ಬುಟ್ಟಿ ಖಾಲಿಯಾಗಿ ಗೋಡೆಗೆ ಒರಗಿ ಕೂತಿತ್ತು.

"ಆ ಸೇಠನ ಗಾಡಿ ಬರತಿದ್ದದ್ದು ದೀಪ ಹಚ್ಚಿದ ಮ್ಯಾಗ. ಮಗ್ರಿಬ್ ನಮಾಜ್ ಆದ ಮ್ಯಾಗ ಮನಿ ಕಸ ಹೊರಗ ಹಾಕಿದ್ರ ಬರಕತ್ ಹೋಗ್ತದ. ನಾ ಕೊಡಲಿಲ್ಲ. ಎದುರು ಮನಿ ಮಾಣಿಕಮ್ಮ ಲಕ್ಷ್ಮಿ ಹೋಗ್ತಾಳಂತ ಕೊಡಲಿಲ್ಲ. ಓಣ್ಯಾಗ ಯಾರೂ ಕೊಡಲಿಲ್ಲ. ಎಂಟು ದಿನದಾಗ ನಲವತ್ತು ಮನಿಯಿಂದ ಅವ ಒಂದು ಬೊಗಸಿ ಕಸ ಒಯ್ದಿಲ್ಲ."

"ಮತ್ತ ಮೂವತ್ತೆರಡು ಗಾಡಿ?"

"ಅದನ್ನ ಎಣಿಸಿದವರಿಗೆ ಕೇಳ್ರಿ."

"ನನಗ ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರಿ ಏನು?" ಎಂದು ಜೈನಬಿ ಚಹಾದ ಬಟ್ಟಲನ್ನು ಸ್ವಲ್ಪ ಜೋರಾಗಿಯೇ ಅವರ ಮುಂದಿಟ್ಟರು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ಸಾಹೇಬರು ನೂರು ಸಲ ಬೇರೆಯವರಿಗೆ ಹೇಳಿದ್ದರು. ಈ ಸಲ ಯಾರಿಗೂ ಹೇಳಲಾಗದೆ ಚಹಾ ಕುಡಿದರು. ಅದು ಆರಿಹೋಗಿತ್ತು.

ಮರುದಿನ ಕೋಳಿ ಕೂಗುವಾಗ ಲಾಲ್ ಅಹ್ಮದ್ ಸಾಹೇಬರು ಮಫ್ಲರು ಸುತ್ತಿಕೊಂಡು ಓಣಿಗೆ ಇಳಿದರು. ತುಳಜಾಬಾಯಿಯ ಗಾಡಿ ಆಗಲೇ ಓಣಿಯ ಮೊದಲ ಬಾಗಿಲ ಬಳಿ ಇತ್ತು. ಅವರನ್ನು ಕಂಡು ಅವಳು ಸೆರಗು ಸರಿಪಡಿಸಿಕೊಂಡು ನಡೆದಳು.

ಸಾಹೇಬರು ಹಿಂದೆ ಹಿಂದೆ ಹೋದರು. ಹೆಂಗಸರು ಕಸ ಗುಡಿಸಿ ಮುಗಿಸಿದ್ದರು, ಸಗಣಿ ನೀರು ಹಾಕಲು ಇನ್ನೂ ಶುರುಮಾಡಿರಲಿಲ್ಲ. ಆ ನಡುವಿನ ಹೊತ್ತು ಎಷ್ಟು ಚಿಕ್ಕದೆಂದು ಅವಳಿಗೆ ಗೊತ್ತಿತ್ತು. ಸಗಣಿ ನೀರು ಬಿದ್ದು ರಂಗೋಲಿ ಎಳೆದ ಮೇಲೆ ಅದನ್ನು ದಾಟಿ ಯಾರೂ ಕಸ ಹೊರಗೆ ತರುವುದಿಲ್ಲ. "ಮಾಣಿಕಮ್ಮಾ, ಬುಟ್ಟಿ ತಾರವ್ವ", "ಜೈನಬಿ ಆಪಾ, ಬೂದಿ ಬ್ಯಾರೆ ಇಟ್ಟೀರಲ್ಲ?" ಎಂದು ಕೂಗುತ್ತ ಬಾಗಿಲಿಂದ ಬಾಗಿಲಿಗೆ ಹೋದಳು. ಗಾಡಿಯೊಳಗೆ ಅವಳು ಗೋಣಿತಟ್ಟು ಕಟ್ಟಿ ನಾಲ್ಕು ಭಾಗ ಮಾಡಿದ್ದಳು. ಸೊಪ್ಪು, ತರಕಾರಿ ಸಿಪ್ಪೆ ಒಂದು ಕಡೆ. ಅದು ಓಣಿಯ ಕೊನೆಗೆ ಕುಲ್ಸುಮ್ ಬೀಯ ಆಡುಗಳಿಗೆ ಇಳಿಯಿತು. ಸಗಣಿ ಮುದುಕಿ ವಜೀರಬಿಯ ಅಂಗಳಕ್ಕೆ. ಆಕೆ ಕುಳ್ಳು ತಟ್ಟಿ ಬದುಕುವವಳು. ಬೂದಿ, ಹೊಟ್ಟು, ಕೊಳೆತದ್ದು ತುಳಜಾಬಾಯಿಯ ಹೊಲದ ತಿಪ್ಪೆಗೆ. ಇದೆಲ್ಲ ಇಳಿದ ಮೇಲೆ ಯಾರಿಗೂ ಬೇಡವಾದ ಚೂರುಪಾರು ಕುಣಿಗೆ.

"ನನ್ನ ಹೊಲ ಹಸದದ ರೀ ಸಾಬ್ರ" ಎಂದು ಅವಳು ತಿಪ್ಪೆಯ ಮೇಲೆ ಬೂದಿ ಸುರಿಯುತ್ತ ಮುಚ್ಚುಮರೆಯಿಲ್ಲದೆ ಹೇಳಿದಳು. "ಮೊರಂ ನೆಲ. ಗೊಬ್ಬರ ಬಿದ್ದರ ಜ್ವಾಳ ಬರ್ತದ. ನಿಮ್ಮೂರಿಗೆ ಕಸ ಬ್ಯಾಡ, ನನ್ನ ಹೊಲಕ್ಕ ಬೇಕು. ಅದಕ್ಕ ಅರ್ಜಿ ಹಾಕೀನಿ. ಧರ್ಮಕ್ಕ ಅಲ್ಲ."

ಸಾಹೇಬರಿಗೆ ಆಗಷ್ಟೇ ದಾಟಿ ಬಂದ ಓಣಿ ಕಣ್ಣಿಗೆ ಕಟ್ಟಿತು. ನಲವತ್ತು ಬಾಗಿಲು, ನಲವತ್ತು ಖಾಲಿ ಬುಟ್ಟಿ. ಇಪ್ಪತ್ತೊಂಬತ್ತು ವರ್ಷ ಅವರು ಕುಣಿಗೆ ಏನು ಬಂತೆಂದು ಎಣಿಸಿದ್ದರು. ಬಾಗಿಲಲ್ಲಿ ಏನು ಉಳಿಯಿತೆಂದು ಒಂದು ದಿನವೂ ನೋಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಆ ನಾಚಿಕೆಯ ಭಾರದಲ್ಲೇ ಕುಣಿಗೆ ಹೋಗಿ, ಸೇಠರ ಗುಡ್ಡೆಯನ್ನು ಕೋಲಿನಿಂದ ಕೆದಕಿದರು. ಮೇಲೆ ಬೂದಿ, ಕೆಳಗೆ ಅರ್ಧ ಸುಟ್ಟ ಇಟ್ಟಂಗಿಯ ಚೂರುಗಳು. ಮನ್ನಾಏಖೇಳ್ಳಿಯ ದಾರಿಯ ಇಟ್ಟಂಗಿ ಭಟ್ಟಿಯ ಬೂದಿ ಅದು. ಹುಮನಾಬಾದಿನ ಕಸ ತೆಗೆಯಬೇಕಾದವರು ಮೂವತ್ತೆರಡು ಗಾಡಿ ಹೊರಗಿನ ಕಸವನ್ನು ಹುಮನಾಬಾದಿಗೆ ತಂದು ಹಾಕಿದ್ದರು. ಅದಕ್ಕೆಲ್ಲ ಶಾಬಾಸ್ ಹೇಳಿದವರು ಇವರೇ.

ಎಣ್ಣೆ ಅಂಗಡಿಯಲ್ಲಿ ಮಹಾರುದ್ರಪ್ಪನವರು ಎಲ್ಲ ಕೇಳಿ, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಬಾಗಿಲು ಅರ್ಧ ಮುಚ್ಚಿದರು.

"ಲಾಲೂ, ಇದನ್ನ ಯಾರ ಮುಂದೂ ಆಡಬ್ಯಾಡ."

"ನಾಳಿ ಸಭಾದಾಗ ರಿಪೋರ್ಟ್ ವಾಪಸ್ ತಗೋತೀನಿ."

"ಹುಚ್ಚ ಇದ್ದೀಯೇನು? ಆ ತಹಶೀಲ್ದಾರ ಒಂದು ನೆಪಾ ಹುಡಕಾಕತ್ತಾನ. ನೋಟೀಸ್ ಬರದವ ನೀ, ಎಣಿಸಿದವ ನೀ. ನನಗ ಕೆಲಸ ಗೊತ್ತಿಲ್ಲಂತ ನೀನ ಎದ್ದು ನಿಂತು ಹೇಳಿದ್ರ, ಅವ ನಿನ್ನ ಹೆಸರು ಬರಿಯಾಕ ಪೆನ್ನಿಗೆ ಮಸಿ ಸೈತ ತುಂಬೂದಿಲ್ಲ, ಅಷ್ಟು ಅವಸರ ಮಾಡ್ತಾನ. ಇನ್ನೊಂದು ವರ್ಷ. ಸೇಠ ಮಾಡಲಿ ಬಿಡು. ಕಸಾ ಎಲ್ಲಿ ಓಡಿ ಹೋಗ್ತದ?"

ಮಾತಿನಲ್ಲಿ ಪ್ರೀತಿಯಿತ್ತು, ಭಯವೂ ಇತ್ತು, ಎರಡೂ ನಿಜ. ಲಾಲ್ ಅಹ್ಮದ್ ಸಾಹೇಬರು ಬಹಳ ಹೊತ್ತು ಎಣ್ಣೆಯ ಡಬ್ಬಿಗಳನ್ನೇ ನೋಡುತ್ತ ಕೂತರು. ಪಿಂಚಣಿ ಇಲ್ಲದೆ ಜೈನಬಿಯೂ ತಾವೂ ಯಾರ ಬಾಗಿಲಿಗೆ ಹೋಗುವುದು? ಮಕ್ಕಳಿಲ್ಲ. ಆದರೆ ಆ ನಲವತ್ತು ಖಾಲಿ ಬುಟ್ಟಿಗಳು ಕಣ್ಣಮುಂದಿನಿಂದ ಹೋಗಲೊಲ್ಲವು. ನಾಳೆ ಸಹಿ ಬಿದ್ದರೆ ಅವು ಮತ್ತೆ ತುಂಬಿ ಚೆಲ್ಲುತ್ತವೆ, ಸುಳ್ಳಿಗೆ ದಿನಕ್ಕೆ ನಾಲ್ಕು ಗೀಟು ಎಳೆಯುತ್ತ ತಾವು ಬೇವಿನ ಕೆಳಗೆ ಕೂತಿರಬೇಕು.

"ನೋಡೂಣು" ಎಂದು ಎದ್ದರು. ಮಹಾರುದ್ರಪ್ಪನವರಿಗೆ ಆ 'ನೋಡೂಣು' ಬಾಲ್ಯದಿಂದಲೂ ಗೊತ್ತು. ಅವರು ತಲೆ ಚಚ್ಚಿಕೊಂಡರು.

ಶನಿವಾರ ಚಾವಡಿ ತುಂಬಿತ್ತು. ವೈಜನಾಥ ಸೇಠರು ಜರಿ ಪೇಟ ಸುತ್ತಿ, ಹಂಚಲಿಕ್ಕೆಂದು ಎರಡು ಬುಟ್ಟಿ ಪೇಡೆಯೊಂದಿಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ತುಳಜಾಬಾಯಿ ಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತಿದ್ದಳು. ತಹಶೀಲ್ದಾರರು ರಿಪೋರ್ಟ್ ಓದಿ ಮುಗಿಸಿ, "ಯಾರದಾದರೂ ತಕರಾರು ಅದ ಏನು?" ಎಂದರು. ಅದು ಕೇಳುವ ರೂಢಿ, ಕೇಳಿದರು.

"ನಂದದ ರೀ" ಎಂದು ಲಾಲ್ ಅಹ್ಮದ್ ಸಾಹೇಬರು ಎದ್ದರು.

ತಹಶೀಲ್ದಾರರು ಕನ್ನಡಕ ಇಳಿಸಿದರು. "ಇದು ನಿಮ್ಮ ರಿಪೋರ್ಟಲ್ಲೇನು?"

"ಹೌದ್ರಿ. ಅದಕ್ಕ ನಂದ ತಕರಾರು." ಸಾಹೇಬರು ಕೈಚೀಲದಿಂದ ಒಂದು ಅರ್ಧ ಇಟ್ಟಂಗಿ ತೆಗೆದು ಮೇಜಿನ ಮೇಲಿಟ್ಟರು. "ಇದು ಸೇಠರು ತಂದ ಕಸದಾಗ ಸಿಕ್ಕದ. ಇಂಥಾವು ಇನ್ನೂ ಮೂವತ್ತೆರಡು ಗಾಡಿ ಅವ. ನಮ್ಮ ಓಣ್ಯಾಗ ಮಂದಿ ರೊಟ್ಟಿ ತಿಂತಾರ ಸಾಹೇಬ್, ಇಟ್ಟಂಗಿ ತಿನ್ನೂದಿಲ್ಲ."

ಚಾವಡಿ ಬಿದ್ದು ಬಿದ್ದು ನಕ್ಕಿತು. ಸಾಹೇಬರು ನಗದೆ ಎಲ್ಲವನ್ನೂ ಹೇಳಿದರು: ದೀಪ ಹಚ್ಚಿದ ಮೇಲೆ ಬಂದ ಗಾಡಿ, ಕೊಡದ ಹೆಂಗಸರು, ಭಟ್ಟಿಯ ಬೂದಿ, ತುಳಜಾಬಾಯಿಯ ನಾಲ್ಕು ಭಾಗದ ಗಾಡಿ. ತಮ್ಮ ಬೂಟಿನ ಕಥೆಯನ್ನೂ ಬಿಡಲಿಲ್ಲ.

ತಹಶೀಲ್ದಾರರು ಸೇಠರ ಕಡೆ ತಿರುಗಿದರು. ಸೇಠರು ಎದ್ದು, ನಗುಮುಖದಿಂದಲೇ ಕೈಮುಗಿದರು. "ಗಾಡಿ ತುಂಬಿ ತರಬೇಕು ಅಂದ್ರಿ, ತುಂಬಿ ತಂದೀನಿ. ಯಾವ ಕಡಿ ಕಸಾ ಅಂತ ನೋಟೀಸಿನ್ಯಾಗ ಬರದಿದ್ದಿಲ್ರಿ. ಆಣಿ ಮಾಡಿ ಹೇಳ್ತೀನಿ, ಆ ಕಸಾ ತುಂಬಾಕ ನನಗ ಖರೇನ ಭಾಳ ತ್ರಾಸ ಆಗ್ಯದ." ಮತ್ತೆ ನಗೆ ಎದ್ದಿತು. ಥೇಕಾ ತಪ್ಪಿತೆಂದು ಸೇಠರಿಗೆ ತಿಳಿಯಿತು. ತಂದ ಪೇಡೆ ವಾಪಸು ಒಯ್ಯುವುದು ಶುಭವಲ್ಲವೆಂದು ಹಂಚತೊಡಗಿದರು.

ತಹಶೀಲ್ದಾರರು ಪೇಡೆ ಮುಟ್ಟಲಿಲ್ಲ. "ಆತು. ಥೇಕಾ ಈ ಬಾಯಿಗೆ. ಆದರ ನೋಟೀಸ್ ತಪ್ಪು ಬರದವರು ಯಾರು? ತಪ್ಪು ಎಣಿಸಿದವರು ಯಾರು?"

"ನಾನರಿ" ಎಂದರು ಲಾಲ್ ಅಹ್ಮದ್ ಸಾಹೇಬರು.

"ಹಾಂಗಾದ್ರ ಕೇಳ್ರಿ. ಕೆಲಸ ಥೇಕೇದಾರರ ಕಡಿ ಹೋತು. ಕುಂತು ಗೀಟೆಳೆಯೂ ದಾರೋಗಾ ಇನ್ನ ಯಾಕ ಬೇಕು? ಈ ಹುದ್ದಾ ತಗದು ಹಾಕೂಣು."

ನಗೆ ನಿಂತುಹೋಯಿತು. ಮಹಾರುದ್ರಪ್ಪನವರು ಬಾಯಿಗೆ ಒಯ್ದಿದ್ದ ಪೇಡೆಯನ್ನು ಕೆಳಗಿಟ್ಟರು. ಲಾಲ್ ಅಹ್ಮದ್ ಸಾಹೇಬರು ನಿಂತೇ ಇದ್ದರು. ಅವರಿಗೆ ಅಳು ಬಂದಿತ್ತು, ಅಷ್ಟು ಜನರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ ಹಿಡಿದಿದ್ದರು. ಹೇಳಿದ್ದು ತಪ್ಪಾಯಿತೆಂದು ಮಾತ್ರ ಆಗಲೂ ಅನ್ನಿಸಲಿಲ್ಲ.

ಕಾರಕೂನ ಕರಾರಿನ ಕಾಗದ ಹಾಸಿದ. ತುಳಜಾಬಾಯಿಯನ್ನು ಕರೆದು ಹೆಬ್ಬೆರಳಿಗೆ ಮಸಿ ಹಚ್ಚಿದ. ಅವಳು ಕೈ ಮುಂದೆ ತಂದಳು, ಕಾಗದದಿಂದ ನಾಲ್ಕು ಬೆರಳು ಮೇಲೆ ಹಾಗೇ ನಿಲ್ಲಿಸಿದಳು.

"ಒತ್ತು ಬಾಯಿ" ಎಂದ ಕಾರಕೂನ.

"ಈ ಸಾಬ್ರು ಇರೂದಿಲ್ಲಂದ್ರ ನನಗ ಥೇಕಾ ಬ್ಯಾಡ."

"ಏನು?" ಎಂದರು ತಹಶೀಲ್ದಾರರು.

"ನಾ ಒಬ್ಬಾಕಿ ಹೆಂಗಸು ರೀ. ನಾಳಿ ಯಾರರ ನಿಮ್ಮ ಮುಂದ ಬಂದು ತುಳಜಾಬಾಯಿ ಕಸಾ ಒಯ್ಯಲಿಲ್ಲ, ಗೊಬ್ಬರ ಕದ್ದಳು ಅಂತ ಸುಳ್ಳ ಹೇಳಿದ್ರ ನನ್ನ ಕಡಿ ಯಾರು ಮಾತಾಡವರು? ಇಷ್ಟು ಮಂದಿ ಪ್ಯಾಟಾ ಟೊಪಿಗಿಯವರೊಳಗ, ನಂದ ತಪ್ಪು ಅಂತ ನಿಂತು ಹೇಳಿದವರು ಇವರೊಬ್ಬರ. ಇವರು ನಾನು ತಪ್ಪಿದ್ರ ತಪ್ಪಂತಾರ, ತಪ್ಪದಿದ್ರ ಇಲ್ಲಂತಾರ. ಅಂಥವರು ನನಗ ಬೇಕು. ದಿನಾ ಮುಂಜಾನಿ ಗಾಡಿ ಹಿಂದ ಬಂದು ಬಾಗಿಲಾ ನೋಡಲಿ. ಕಾಗದದಾಗ ಬರೀರಿ. ಬರದ್ರ ಒತ್ತತೀನಿ."

ಹೆಬ್ಬೆರಳಿನ ಮಸಿ ಒಂದು ಹನಿ ಕಾಗದದ ಅಂಚಿಗೆ ಬಿತ್ತು. ತಹಶೀಲ್ದಾರರು ಅವಳನ್ನು ನೋಡಿದರು, ದಾರೋಗಾರನ್ನು ನೋಡಿದರು, ಇಟ್ಟಂಗಿಯನ್ನು ನೋಡಿದರು. ಅವರ ಮೀಸೆಯ ಕೆಳಗೆ ಏನೋ ಅಲುಗಾಡಿತು.

"ನನ್ನ ಇಡೀ ಸರ್ವಿಸಿನ್ಯಾಗ ಥೇಕೇದಾರರು ದಾರೋಗಾ ಬ್ಯಾಡ ಅಂದದ್ದು ಕೇಳೀನಿ" ಎಂದರು. "ಬೇಕಂದದ್ದು ಇದ ಮೊದಲು. ಬರೀರಿ ಕಾರಕೂನ."

ಕಾರಕೂನ ಬರೆದು, ಜೋರಾಗಿ ಓದಿದ. ತುಳಜಾಬಾಯಿ ಪೂರ್ತಿ ಕೇಳಿಸಿಕೊಂಡು, ಇನ್ನೊಮ್ಮೆ ಓದಿಸಿ, ಹೆಬ್ಬೆರಳು ಒತ್ತಿದಳು. ಮಹಾರುದ್ರಪ್ಪ ಸಾವಕಾರರು ಒಂದೇ ಸಲಕ್ಕೆ ಎರಡು ಪೇಡೆ ಬಾಯಿಗೆ ಹಾಕಿಕೊಂಡರು.

ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಲಾಲ್ ಅಹ್ಮದ್ ಸಾಹೇಬರನ್ನು ನೌಕರಿಗೆ ಹಾಕಿದ್ದು ಒಂದು ಹುಕುಮು. ಸಂಬಳ ಏರಿಸಿದ್ದು ಇನ್ನೊಂದು ಹುಕುಮು. ಈ ಮನುಷ್ಯ ನಮಗೆ ಬೇಕು ಎಂದು ಈವರೆಗೆ ಯಾರೂ ಯಾರ ಮುಂದೆಯೂ ಕೇಳಿರಲಿಲ್ಲ. ತಡೆದು ಹಿಡಿದಿದ್ದ ಅಳು ಈಗ ಬಂದೇಬಿಟ್ಟಿತು. ಅವರು ಕರವಸ್ತ್ರ ಹುಡುಕುತ್ತ ಗೋಡೆಯ ಕಡೆ ತಿರುಗಿದರು.

ತುಳಜಾಬಾಯಿ ಬೆರಳಿನ ಮಸಿಯನ್ನು ಕಂಬಕ್ಕೆ ಒರೆಸಿ, ಅವರ ಪಕ್ಕದಿಂದ ಹಾಯ್ದು ಹೋಗುತ್ತ, "ನಾಳಿ ಕೋಳಿ ಕೂಗೂದ್ರಾಗ ಬರ್ರಿ, ಸಾಬ್ರ. ತಡಾ ಮಾಡಿದ್ರ ಗಾಡಿ ನಿಲ್ಲೂದಿಲ್ಲ" ಎಂದಳು.

"ಬರ್ತೀನಿ ಬಾಯಿ, ಬರ್ತೀನಿ" ಎಂದರು ದಾರೋಗಾ ಸಾಹೇಬರು, ಗೋಡೆಯ ಕಡೆಯಿಂದಲೇ.